ಐದು ನಿಮಿಷ ಸುಮ್ನೆ ಕೂರಿ

ಮೊನ್ನೆ ಸಿಸ್ಟರ್ ಮನೆಗೆ ಬಂದಿದ್ದು ಅಪ್ಪನ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು. ಶುಗರ್ ಜಾಸ್ತಿಯಾಗಿ ಅಪ್ಪನ ಪಾದಕ್ಕೆ ನೋವು ಗೊತ್ತಾಗುವುದೇ ಕಡಿಮೆ. ದಿನಾ ರಾತ್ರಿ ಟಾರ್ಚ್ ಹಿಡಿದು ಅಂಗಾಲು, ಬೆರಳಿನ ಸಂದು ನೋಡುವುದು ಅಮ್ಮ. ಗಾಯ ಕಂಡುಹಿಡಿದವಳೂ ಅವಳೇ. ಮಾತ್ರೆ, ಶುಗರ್ ಲೆಕ್ಕದ ನೋಟ್‌ಬುಕ್, ಎಲ್ಲ ಅವಳ ಕೈಯಲ್ಲೇ.

ಬ್ಯಾಂಡೇಜ್ ಸುತ್ತುತ್ತಾ ಸಿಸ್ಟರ್ ಕೇಳಿದರು, "ನೀವು ಬಿಪಿ ಯಾವಾಗ ನೋಡಿಸಿದ್ರಿ ಅಮ್ಮಾ?"

"ನಂದೇನು ನೋಡೋದು ಸಿಸ್ಟರ್."

ಬೇಜಾರಿನಲ್ಲಿ ಹೇಳಿದ್ದಲ್ಲ. ನೀರು ಬೇಕಾ ಅಂದರೆ ಬೇಡ ಅನ್ನುವಷ್ಟೇ ಸಲೀಸಾಗಿ ಹೇಳಿದಳು. ನಂದೇನು ನೋಡೋದು. ನಾಲ್ಕು ದಿನವಾಯಿತು, ಕಿವಿಯಿಂದ ಹೋಗುತ್ತಿಲ್ಲ.

ನಿಜ ಹೇಳಬೇಕೆಂದರೆ ಆಗ ನನಗೆ ಸಿಸ್ಟರ್ ಮೇಲೇ ಸಿಟ್ಟು. ಬಂದ ಕೆಲಸ ಮುಗಿಸಿ ಹೋಗಬಾರದಾ ಅಂತ.

ಅವರು ಕೈ ತೊಳೆದು ಬಂದು, "ಐದು ನಿಮಿಷ ಸುಮ್ನೆ ಕೂರಿ. ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ. ಮಾತು ಬೇಡ" ಅಂದರು. ಅಮ್ಮ ಎರಡನೇ ನಿಮಿಷಕ್ಕೆ ಎದ್ದಳು, ಒಲೆ ಆರಿಸಲು. ಮತ್ತೆ ಮೊದಲಿಂದ. ಈ ಸಲ ಅಪ್ಪ, "ನನ್ನ ಕನ್ನಡಕ ಎಲ್ಲೇ?" ಅಂದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಸಿಸ್ಟರ್, "ಯಜಮಾನ್ರೇ, ಇನ್ನೈದು ನಿಮಿಷ ಕನ್ನಡಕ ಕಳೆದೇ ಹೋಗಿರಲಿ ಬಿಡಿ" ಅಂದುಬಿಟ್ಟರು. ಅಪ್ಪನಿಗೆ ಹಾಗೆ ಹೇಳಿದವರನ್ನು ನಾನು ನೋಡಿರಲಿಲ್ಲ.

166/98. ಸ್ವಲ್ಪ ಬಿಟ್ಟು ಇನ್ನೊಮ್ಮೆ, 162/96. ತಲೆನೋವು, ತಲೆಸುತ್ತು? ಏನೂ ಇಲ್ಲ. ಬಿಪಿ ಹೆಚ್ಚಿದ್ದರೂ ತುಂಬಾ ಜನಕ್ಕೆ ಏನೂ ಅನಿಸುವುದೇ ಇಲ್ಲವಂತೆ. ಒಂದು ದಿನದ ಅಳತೆಯಿಂದ ಬಿಪಿ ಇದೆ ಅಂತ ತೀರ್ಮಾನಿಸೋಕಾಗಲ್ಲ, ಇನ್ನೊಂದು ದಿನವೂ 140/90 ದಾಟಿದರೆ ಡಾಕ್ಟರ್ ನೋಡಬೇಕು ಅಂದರು. ಹೆದರಿಸಲಿಲ್ಲ.

ನನ್ನ ತಮ್ಮನಿಗೆ ಫೋನಿನಲ್ಲಿ ಸಿಗದ ವಿದ್ಯೆಯಿಲ್ಲ. "ಅಮ್ಮಾ, ನೀನು ಉಪ್ಪು ಕಡಿಮೆ ಮಾಡು. ದಿನಕ್ಕೆ 5 ಗ್ರಾಂ ಒಳಗಿರಬೇಕಂತೆ" ಅಂದ.

"ಅದು ಎಲ್ಲರಿಗೂ ಹೇಳಿದ ಲೆಕ್ಕ" ಅಂದರು ಸಿಸ್ಟರ್. "ಕಡಿಮೆ ಮಾಡೋದು ಪಾತ್ರೆಯಲ್ಲಿ, ಅವರೊಬ್ಬರ ತಟ್ಟೆಯಲ್ಲಲ್ಲ."

ಹೀಗೆ ನರ್ಸ್ ಮನೆಗೇ ಬರುವುದು ಹೊಸದೇನಲ್ಲ. 1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ವಿಲಿಯಂ ರಾತ್‌ಬೋನ್ ಎಂಬ ವ್ಯಾಪಾರಿ, ತನ್ನ ಹೆಂಡತಿಯ ಕೊನೆಗಾಲದಲ್ಲಿ ನೋಡಿಕೊಂಡಿದ್ದ ನರ್ಸ್ ಮೇರಿ ರಾಬಿನ್ಸನ್ ಅವರನ್ನೇ ಸಂಬಳ ಕೊಟ್ಟು ಬಡವರ ಮನೆಗಳಿಗೆ ಕಳಿಸಿದನಂತೆ. ಆಕೆಯೂ ಹಾಸಿಗೆಯಲ್ಲಿದ್ದವರನ್ನು ಬಿಟ್ಟು ಒಲೆಯ ಹತ್ತಿರ ನಿಂತವರನ್ನು ತಿರುಗಿ ನೋಡಿರಬೇಕು. ಆಸ್ಪತ್ರೆಯಲ್ಲಿ ಅಮ್ಮ ಬರೀ ಅಪ್ಪನ ಜೊತೆ ಬಂದವಳು. ಚೀಟಿಯಲ್ಲಿ ಅವಳ ಹೆಸರಿಲ್ಲ. ಅವಳನ್ನು ಯಾರು ಕೇಳುತ್ತಾರೆ? ನಾವು ಕೇಳಬಹುದಿತ್ತು, ಅಲ್ವಾ? ಒಂದೇ ಮನೆಯಲ್ಲಿದ್ದೇವೆ.

ನಿನ್ನೆ ನೋಟ್‌ಬುಕ್ ತೆಗೆದು ನೋಡಿದೆ. ಅಮ್ಮ ತನ್ನ ಬಿಪಿಯನ್ನೂ ಬರೆದಿಟ್ಟಿದ್ದಾಳೆ. ಹೊಸ ಪುಟ ತೆಗೆದಿಲ್ಲ. ಅಪ್ಪನ ಶುಗರ್ ಲೆಕ್ಕದ ಕೆಳಗೆ, ಮೂಲೆಯಲ್ಲಿ, ಪೆನ್ಸಿಲ್‌ನಲ್ಲಿ.