ಮಾತಾಡೋ ಇಂಗ್ಲಿಷ್ ಬಿಟ್ಟು ಚಾಸರ್ ಯಾಕ್ರಿ?

ಕಲಬುರಗಿಯಲ್ಲಿ ಬಿ.ಎ. ಮೊದಲ ವರ್ಷದವರಿಗೆ ಇಂಗ್ಲಿಷ್ ಸಾಹಿತ್ಯ ಕಲಿಸುವ ನನಗೆ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತದೆ. ಹುಡುಗರೂ ಕೇಳುತ್ತಾರೆ, ಅಡ್ಮಿಷನ್‌ಗೆ ಬಂದ ಅಪ್ಪ ಅಮ್ಮಂದಿರೂ ಕೇಳುತ್ತಾರೆ. "ಮೇಡಂ, ನಾಲ್ಕು ಮಂದ್ಯಾಗ ಇಂಗ್ಲಿಷ್ ಮಾತಾಡ್ಲಿ ಅಂತ ಸೇರಿಸೀವ್ರಿ. ನೀವು ನೋಡಿದ್ರ ಆರುನೂರು ವರ್ಷದ ಹಿಂದಿನ ಇಂಗ್ಲಿಷ್ ಓದಸ್ತೀರಿ. ಇದರಿಂದ ಏನ್ ಉಪಯೋಗ್ರಿ?"

ಮಾತಾಡೋಕೆ ಉಪಯೋಗ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನನ್ನು ಓದಿದರೆ ಇಂಟರ್‌ವ್ಯೂನಲ್ಲಿ ಮಾತು ಸಲೀಸಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ದಿನಾ ಗೆಳೆಯರ ಜೊತೆ ತಪ್ಪೋ ಒಪ್ಪೋ ಮಾತಾಡಬೇಕು, ಅಷ್ಟೇ. ಆದರೆ ಕನ್ನಡ ಮಾಧ್ಯಮದಿಂದ ಬಂದ ನಮ್ಮ ಹುಡುಗರ ಬಾಯಿ ಕಟ್ಟಿಸುವುದು ಹೆದರಿಕೆ. ಇಂಗ್ಲಿಷ್ ಮೊದಲಿನಿಂದಲೂ ದೊಡ್ಡವರ ಭಾಷೆ, ನಮ್ಮಂಥವರದ್ದಲ್ಲ ಅಂತ ಒಳಗೊಳಗೇ ನಂಬಿರುತ್ತಾರೆ. ಆ ಹೆದರಿಕೆ ಇಳಿಸುವ ವಿಷಯ ಈ ಹಳೆಯ ಪಠ್ಯದಲ್ಲಿ ಬೇಕಾದಷ್ಟಿದೆ.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದ. ಗೈಡ್‌ಗಳಲ್ಲಿ ಇದು ಒಂದು ಮಾರ್ಕಿನ ಪ್ರಶ್ನೆ. ಮುಂದೇನಾಯಿತು ಅನ್ನೋದೇ ನಿಜವಾದ ಕಥೆ. ಅರಮನೆಗೆ ಫ್ರೆಂಚ್ ಬಂತು, ಚರ್ಚಿನಲ್ಲಿ ಲ್ಯಾಟಿನ್ ಇದ್ದೇ ಇತ್ತು. ಇಂಗ್ಲಿಷ್ ಹೊಲದಲ್ಲಿ, ಸಂತೆಯಲ್ಲಿ, ಬಡವರ ಮನೆಯಲ್ಲಿ ಉಳಿಯಿತು. ಹೀಗೆ ಸುಮಾರು ಮುನ್ನೂರು ವರ್ಷ. ಜನರಿಗೆ ಫ್ರೆಂಚ್ ತಿಳಿಯೋದಿಲ್ಲ, ಕೋರ್ಟಿನಲ್ಲಿ ಇಂಗ್ಲಿಷ್‌ನಲ್ಲೇ ವಾದ ನಡೆಯಲಿ ಅಂತ 1362ರಲ್ಲಿ ಕಾನೂನು ಮಾಡಿದರು. ಆ ಕಾನೂನನ್ನು ಬರೆದದ್ದು ಮಾತ್ರ ಫ್ರೆಂಚ್‌ನಲ್ಲಿ!

ಬೇರೆ ಕಡೆಯ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಬಹುದು. ನಮ್ಮವರಿಗೆ ಬೇಡ. ಬಹಮನಿ ದರ್ಬಾರಿನ ಭಾಷೆ ಪಾರ್ಸಿ. ನಿಜಾಮರ ಆಡಳಿತದಲ್ಲಿ 1948ರ ತನಕ ಕಚೇರಿ ಕೆಲಸ ಉರ್ದು. ಒಬ್ಬ ಹುಡುಗ ಕ್ಲಾಸಿನಲ್ಲಿ ಎದ್ದು ನಿಂತು, "ನಮ್ಮ ಮುತ್ಯಾ ಮಾತಾಡೋದು ಕನ್ನಡದಾಗ, ಸಹಿ ಮಾಡೋದು ಉರ್ದುದಾಗ ಇತ್ರಿ" ಅಂದ. ನಾನು ಒಂದು ಗಂಟೆ ಮಾಡಬೇಕೆಂದಿದ್ದ ಪಾಠ ಅಲ್ಲಿಗೆ ಮುಗಿಯಿತು.

ಇನ್ನು ಚಾಸರ್. ತನ್ನ ದೊಡ್ಡ ಕಾವ್ಯ ಕ್ಯಾಂಟರ್ಬರಿ ಕಥೆಗಳನ್ನು ಅರ್ಧಕ್ಕೇ ಬಿಟ್ಟು 1400ರಲ್ಲಿ ತೀರಿಕೊಂಡ. ಅದಕ್ಕೆ ಸ್ವಲ್ಪ ಮೊದಲು, 1398ರಲ್ಲಿ, ತೈಮೂರನ ದಾಳಿಯ ಹೊತ್ತಿಗೆ ನಮ್ಮ ಕಲಬುರಗಿಯ ಸೂಫಿ ಸಂತ ಬಂದೇ ನವಾಜರು ದೆಹಲಿ ಬಿಟ್ಟು ಹೊರಟಿದ್ದರು. ಅಂದರೆ ಚಾಸರ್ ಕಾಲ ನಮಗೆ ತೀರಾ ದೂರದ್ದೇನಲ್ಲ, ಅವರ ದರ್ಗಾದ ಮುಂದೆ ಹಾದುಹೋಗುವಾಗ ನೆನಪಿಟ್ಟುಕೊಳ್ಳಿ.

ಕಥೆಯ ಕಟ್ಟು ಸರಳ. ಲಂಡನ್ ಬಳಿ ಸದರ್ಕ್‌ನಲ್ಲಿ ಟ್ಯಾಬರ್ಡ್ ಎಂಬ ವಸತಿಗೃಹ. ಕ್ಯಾಂಟರ್ಬರಿ ಊರಲ್ಲಿನ ಸಂತ ಥಾಮಸ್ ಬೆಕೆಟ್‌ನ ಸಮಾಧಿಗೆ ಹೊರಟ ಯಾತ್ರಿಕರು ಅಲ್ಲಿ ಸೇರುತ್ತಾರೆ. ದಾರಿಯಲ್ಲಿ ಬೇಜಾರು ಕಳೆಯಲು ಕಥೆ ಹೇಳಿ, ಚೆಂದ ಹೇಳಿದವರಿಗೆ ವಾಪಸ್ ಬಂದ ಮೇಲೆ ಉಳಿದವರ ಖರ್ಚಿನಲ್ಲಿ ಊಟ ಅಂತ ಯಜಮಾನ ಹೇಳುತ್ತಾನೆ. ಯುಗಾದಿ ಮುಂದೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ನಡೆದುಹೋಗುವವರ ಗುಂಪನ್ನು ನೆನೆದುಕೊಂಡರೆ ಸಾಕು. ಅಲ್ಲೂ ಭಕ್ತಿ ಇರುವವನಿದ್ದಾನೆ, ಸುಮ್ನೆ ತಿರುಗಾಟಕ್ಕೆ ಬಂದವನಿದ್ದಾನೆ. ತಿಂಗಳೂ ಹೆಚ್ಚುಕಡಿಮೆ ಅದೇ. ಆದರೆ ಚಾಸರ್‌ನ ಏಪ್ರಿಲ್‌ನಲ್ಲಿ ತಂಪು ಮಳೆ, ಚಿಗುರು, ಹಕ್ಕಿ. ನಮ್ಮ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದ ಬಿಸಿಲು. ಮಳೆ ಬಂದರೆ ಜನರಿಗೆ ಊರು ಬಿಟ್ಟು ಹೊರಡುವ ಆಸೆ ಯಾಕೆ ಬರುತ್ತದೆ ಅನ್ನೋದನ್ನು ಇಲ್ಲಿ ಮೊದಲು ತಿಳಿಸಬೇಕು. ಕಾವ್ಯದ ಆ ಮೊದಲ 18 ಸಾಲು ಒಂದೇ ವಾಕ್ಯ ಬೇರೆ.

ನನಗೆ ಇಷ್ಟವಾದ ಪಾತ್ರ ಆ ಮಠದ ಸನ್ಯಾಸಿನಿ, ಪ್ರಯೊರೆಸ್. ಬಲು ನಾಜೂಕು. ಊಟ ಮಾಡುವಾಗ ಒಂದು ಹನಿ ಎದೆ ಮೇಲೆ ಬೀಳಿಸೋದಿಲ್ಲ. ಫ್ರೆಂಚ್ ಚೆನ್ನಾಗಿ ಮಾತಾಡುತ್ತಾಳೆ, ಆದರೆ ಲಂಡನ್ ಪಕ್ಕದ ಸ್ಟ್ರಾಟ್‌ಫರ್ಡ್‌ನಲ್ಲಿ ಕಲಿತ ಫ್ರೆಂಚ್. ಪ್ಯಾರಿಸ್‌ನ ಫ್ರೆಂಚ್ ಆಕೆಗೆ ಗೊತ್ತಿಲ್ಲ ಅಂತ ಚಾಸರ್ ಮೆತ್ತಗೆ ಚುಚ್ಚುತ್ತಾನೆ. ಈ ಸಾಲು ಬಂದಾಗ ಕ್ಲಾಸೆಲ್ಲ ನಗುತ್ತದೆ. ದೊಡ್ಡವರ ಭಾಷೆಯನ್ನು ಅರ್ಧಂಬರ್ಧ ಕಲಿತು ಜಂಬ ಮಾಡುವವರು ನಮ್ಮಲ್ಲೂ ಇದ್ದಾರೆ, ಅಲ್ವಾ? ಇಂಗ್ಲಿಷರಿಗೂ ಒಂದು ಕಾಲಕ್ಕೆ ಈ ಗತಿ ಇತ್ತು.

ಓದೋದು ಹೇಗೆ ಅಂದರೆ, ಹಳಗನ್ನಡ ಓದಿದ ಹಾಗೆಯೇ. ಪಿಯುಸಿಯಲ್ಲಿ ಅಂಥ ಪದ್ಯ ಬಿಡಿಸಿದವರಿಗೆ ಅಭ್ಯಾಸ ಇದೆ. ಮೊದಲು ಇಂದಿನ ಇಂಗ್ಲಿಷ್‌ನ ಅನುವಾದ ಓದಿ, ಆಮೇಲೆ ಮೂಲಕ್ಕೆ ಬನ್ನಿ, ಗಟ್ಟಿಯಾಗಿ ಓದಿ. ಇಲ್ಲಿ ನಿಮಗೊಂದು ಲಾಭ ಇದೆ. ನೈಟ್ (knight) ಪದದ ಮೊದಲಿನ ಕೆ ಅಕ್ಷರವನ್ನು ಉಚ್ಚರಿಸಿದ್ದಕ್ಕೆ ಶಾಲೆಯಲ್ಲಿ ನಗೆಪಾಟಲಾಗಿದ್ದೀರಲ್ಲ? ಚಾಸರ್ ಕಾಲದಲ್ಲಿ ಅದನ್ನು ಉಚ್ಚರಿಸುತ್ತಿದ್ದರು. ಧೈರ್ಯವಾಗಿ ಕ್ನಿಖ್ಟ್ ಅನ್ನಿ.

ಚಾಸರ್‌ಗಿಂತಲೂ ಹಳೆಯ ಇಂಗ್ಲಿಷ್‌ನ ಬಿಯೋವುಲ್ಫ್ ಮಾತ್ರ ಅನುವಾದದಲ್ಲೇ ಸಾಕು. 3182 ಸಾಲಿನ ಕಾವ್ಯ, ಬರೆದವರು ಯಾರೋ ಗೊತ್ತಿಲ್ಲ, ಉಳಿದದ್ದು ಒಂದೇ ಹಸ್ತಪ್ರತಿ. ಅದೂ 1731ರ ಬೆಂಕಿಯಲ್ಲಿ ಅಂಚು ಸುಟ್ಟುಕೊಂಡಿದೆ. ಮೂಲದ ನಾಲ್ಕು ಸಾಲು ಕೇಳಿಸಿಕೊಂಡರೆ ಪ್ರಾಸ ಹೇಗೆ ಕೆಲಸ ಮಾಡುತ್ತದೆ ಗೊತ್ತಾಗುತ್ತದೆ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಕೂಡುತ್ತದೆ. ಅವರಲ್ಲಿ ಒಂದೇ ಸಾಲಿನ ಒತ್ತುಳ್ಳ ಪದಗಳ ಮೊದಲ ಧ್ವನಿ ಕೂಡುತ್ತದೆ. ಸಾಲಿನ ಕೊನೆಯ ಪ್ರಾಸ ಇಬ್ಬರಿಗೂ ಕಡ್ಡಾಯ ಇರಲಿಲ್ಲ.

"ನಮ್ಮಲ್ಲಿ ಅಷ್ಟು ಹಳೆಯದು ಏನೈತ್ರಿ" ಅನ್ನುವವರನ್ನು ಸೇಡಂ ರಸ್ತೆಯ ಮಳಖೇಡಕ್ಕೆ ಕಳಿಸುತ್ತೇನೆ. ರಾಷ್ಟ್ರಕೂಟರ ಆ ರಾಜಧಾನಿಯಲ್ಲಿ ಅಮೋಘವರ್ಷನ ಆಸ್ಥಾನದಿಂದ ಕವಿರಾಜಮಾರ್ಗ ಬಂದದ್ದು 850ರ ಆಸುಪಾಸು. ಇಂಗ್ಲಿಷ್ ಗದ್ಯಕ್ಕೆ ಬುನಾದಿ ಹಾಕಿದ ಆಲ್ಫ್ರೆಡ್ ಪಟ್ಟಕ್ಕೆ ಬಂದದ್ದು 871ರಲ್ಲಿ.

ನೌಕರಿ ಸಿಗುತ್ತಾ ಅಂತ ಕೊನೆಗೆ ಅಪ್ಪಂದಿರು ಕೇಳುತ್ತಾರೆ. ಚಾಸರ್‌ನಿಂದಲೇ ಸಿಗೋದಿಲ್ಲ. ಮುಂದೆ ಎಂ.ಎ. ಮಾಡಿ ಕಾಲೇಜು ಅಧ್ಯಾಪಕರಾಗಲು ನೆಟ್, ಕೆ-ಸೆಟ್ ಪರೀಕ್ಷೆ ಬರೆಯುವವರಿಗೆ ಈ ಭಾಗ ಬೇಕೇ ಬೇಕು. ಬಿ.ಎ.ಗೇ ನಿಲ್ಲಿಸುವವರಾದರೆ ಯಾತ್ರಿಕರನ್ನು ಪರಿಚಯಿಸುವ ಪೀಠಿಕೆ, ಅಂದರೆ ಪ್ರೊಲಾಗ್ ಒಂದನ್ನಾದರೂ ಗೈಡ್ ಬದಿಗಿಟ್ಟು ಓದಲಿ. ಮೂಗಿನ ಮೇಲೆ ನರೂಲಿ, ಅದರಲ್ಲೊಂದು ಕೂದಲ ಕುಚ್ಚು ಇರುವ ಆ ಕಳ್ಳ ಗಿರಣಿಯವನಿಂದ ಶುರು ಮಾಡಿದರೆ ಬೇಜಾರಾಗೋದಿಲ್ಲ.