ಹಣೆಯ ಬೂದಿ, ತೊಳೆದ ಮುಖ

ಬೂದಿ ಬುಧವಾರದ ಬಲಿಪೂಜೆಯಲ್ಲಿ ಪ್ರತಿ ವರ್ಷ ಒಂದು ವಿಚಿತ್ರ ನಡೆಯುತ್ತದೆ, ಬಹಳ ಮಂದಿ ಅದನ್ನು ಗಮನಿಸುವುದೇ ಇಲ್ಲ. ಮೊದಲು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯ ಓದುತ್ತಾರೆ: ಉಪವಾಸ ಇರುವಾಗ ಮುಖ ಬಾಡಿಸಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಳ್ಳಿ, ಉಪವಾಸದ ಸಂಗತಿ ಯಾರಿಗೂ ತಿಳಿಯದಿರಲಿ. ಅರ್ಧ ಗಂಟೆಯೊಳಗೆ ಅದೇ ಜನ ಸಾಲಿನಲ್ಲಿ ನಿಂತು ಹಣೆಗೆ ಕಪ್ಪು ಶಿಲುಬೆ ಬರೆಸಿಕೊಂಡು ಬರುತ್ತಾರೆ. ಮುಖ ತೊಳೆ ಎಂದ ಮಾತು ಕಿವಿಯಲ್ಲಿರುವಾಗಲೇ ಮುಖಕ್ಕೆ ಮಸಿ.

ಪಾಸ್ಕಕ್ಕೆ, ಅಂದರೆ ಈಸ್ಟರ್ ಹಬ್ಬಕ್ಕೆ, ಸಿದ್ಧರಾಗುವ ತಪಸ್ಸುಕಾಲ ಈ ಇಕ್ಕಟ್ಟಿನಿಂದಲೇ ಶುರುವಾಗುತ್ತದೆ. ವ್ರತ ಬೇಕು, ಆದರೆ ವ್ರತವೇ ಮೆರೆಯಲು ಒಳ್ಳೆಯ ವೇದಿಕೆ. ಬೂದಿ ಬುಧವಾರ ಫೆಬ್ರವರಿ 4ರಿಂದ ಮಾರ್ಚ್ 10ರೊಳಗೆ ಎಂದಾದರೂ ಬರಬಹುದು. ಅಲ್ಲಿಂದ ಪಾಸ್ಕದ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ. ಭಾನುವಾರ ಉಪವಾಸವಿಲ್ಲ, ಆರು ಭಾನುವಾರ ಕಳೆದರೆ 40.

ಮೊದಲು ಬೂದಿಯ ಮಾತು. ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿ ಕೊಟ್ಟ ಗರಿಗಳನ್ನು ಸುಟ್ಟು ಇದನ್ನು ಮಾಡುತ್ತಾರೆ. ನಮ್ಮ ಕಡೆ ಅದು ತೆಂಗಿನ ಗರಿ. ಶಿಲುಬೆಯಾಗಿ ಹೆಣೆದದ್ದು ವರ್ಷವಿಡೀ ಮನೆಯ ಪೀಠದ ಹಿಂದೆಯೋ ಯೇಸುವಿನ ಪಟದ ಮೇಲೋ ಸಿಕ್ಕಿಸಿಕೊಂಡಿರುತ್ತದೆ. ಬೂದಿ ಬುಧವಾರಕ್ಕೆ ಮುಂಚಿನ ಭಾನುವಾರ ಮನೆಮನೆಯಿಂದ ತರಿಸಿಕೊಳ್ಳಬೇಕು. ಸುಡುವ ಮೊದಲು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಬೇಕು. ಸ್ಟೇಪಲ್ ಪಿನ್ನು, ಪ್ಲಾಸ್ಟಿಕ್ ರಿಬ್ಬನ್ನು ಅಂಟಿಕೊಂಡಿರುತ್ತವೆ. ನಡುವಿನ ಕಡ್ಡಿ ತೆಗೆದುಬಿಡುವುದು ಒಳ್ಳೆಯದು. ಅದು ಅರೆಬೆಂದು ಇದ್ದಿಲಾಗಿ ಉಳಿದರೆ ಎಷ್ಟು ಅರೆದರೂ ಹಣೆಗೆ ಚುಚ್ಚುವ ಚೂರುಗಳಾಗುತ್ತವೆ. ಎರಡು ದಿನ ಬಿಸಿಲಲ್ಲಿ ಒಣಗಿಸಿ, ಕತ್ತರಿಸಿ, ಬಯಲಲ್ಲಿ ಕಬ್ಬಿಣದ ಬಾಣಲೆಯಲ್ಲಿ ಸುಡಬೇಕು. ಪೂರ್ತಿ ಉರಿದರೆ ಬಿಳಿಬೂದಿ, ಮುಚ್ಚಳ ಹಾಕಿ ಕರಕಲು ಮಾಡಿದರೆ ಕಪ್ಪು. ತಣ್ಣಗಾದ ಮೇಲೆ ಒರಳಲ್ಲಿ ಅರೆದು ಹಳೆಯ ಪಂಚೆ ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿದರೆ ಸಾಕು. ಮುನ್ನೂರು ಜನರಿಗೆ ಎರಡು ಮೂರು ಚಮಚ ಧಾರಾಳ.

ಕೆಡುವುದು ಎಲ್ಲಿ ಎಂದರೆ, ಹಣೆಗೆ ಅಂಟಲಿ ಎಂದು ಉತ್ಸಾಹದಲ್ಲಿ ನೀರು ಸುರಿದು ಕಲಸಿದಾಗ. ಗಿಡದ ಬೂದಿಗೆ ನೀರು ಬಿದ್ದರೆ ಅದು ಕ್ಷಾರ. ಹಿಂದೆ ಪಾತ್ರೆ ತಿಕ್ಕಿ ಬಟ್ಟೆ ಒಗೆಯುತ್ತಿದ್ದದ್ದು ಇದೇ ಬೂದಿನೀರಿನಲ್ಲಿ. ಮಕ್ಕಳ ಹಣೆ ಕೆಂಪಾಗಿ ಉರಿಯುತ್ತದೆ, ಕೆಲವೊಮ್ಮೆ ಬೊಬ್ಬೆಯೂ ಏಳುತ್ತದೆ. ಆಶೀರ್ವಾದದ ತೀರ್ಥ ನಾಲ್ಕು ಹನಿ ಚಿಮುಕಿಸಿದರೆ ಮುಗಿಯಿತು, ಕೆಸರಾಗಬಾರದು. ಅಂಟಲೇಬೇಕಿದ್ದರೆ ಎರಡು ತೊಟ್ಟು ಎಣ್ಣೆ. ಒಣಬೂದಿಯನ್ನು ನೆತ್ತಿಯ ಮೇಲೆ ಉದುರಿಸುವ ಪದ್ಧತಿಯೂ ಸಭೆಯಲ್ಲಿದೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, ವ್ಯಾಟಿಕನ್ ಎಲ್ಲ ಕಡೆಗೂ ಅದನ್ನೇ ಹೇಳಿತ್ತು. ಕೂದಲಿನಲ್ಲಿ ಬಿದ್ದ ಬೂದಿ ಕಾಣಿಸುವುದಿಲ್ಲ, ಮತ್ತಾಯನ ಮಾತಿಗೆ ಅದೇ ಹೆಚ್ಚು ಹತ್ತಿರ.

ಆದರೆ ಹಣೆಯ ಮೇಲಿದ್ದರೂ ಕೋಲಾರದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೋಲಾರಮ್ಮನ ಗುಡಿಯಿಂದ ಕುಂಕುಮ ಇಟ್ಟುಕೊಂಡು ಬರುವವರು, ಅಂತರಗಂಗೆಯ ಮೆಟ್ಟಿಲು ಇಳಿದು ವಿಭೂತಿ ಧರಿಸಿ ಬರುವವರು, ಇವರ ನಡುವೆ ಶಿಲುಬೆ ಆಕಾರದ ಬೂದಿ ಹೊತ್ತವನು ಇನ್ನೊಬ್ಬ ಭಕ್ತ ಅಷ್ಟೇ. ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುವುದೂ ಇಲ್ಲ. ಹಾಗಾದರೆ ಡಂಭಕ್ಕೆ ಪ್ರೇಕ್ಷಕರು ಯಾರು? ಚರ್ಚಿನೊಳಗಿನವರೇ. ಸಂಜೆಯ ಪೂಜೆಗೆ ಬಂದವರು ಬೆಳಗ್ಗೆ ಬಂದಿದ್ದವರ ಹಣೆಯನ್ನು ಕಳ್ಳನೋಟದಲ್ಲಿ ಪರೀಕ್ಷಿಸುತ್ತಾರೆ: ಇವನು ಒರೆಸಿಕೊಂಡಿದ್ದಾನೆ, ಅವಳ ಹಣೆಯಲ್ಲಿ ಇನ್ನೂ ಇದೆ. ಒರೆಸಬಾರದು ಎಂಬ ಕಟ್ಟಳೆ ಎಲ್ಲೂ ಇಲ್ಲ. ಮನೆಗೆ ಬಂದು ಮುಖ ತೊಳೆದರೆ ಅಂದಿನ ಶುಭಸಂದೇಶ ಹೇಳಿದ್ದನ್ನೇ ಮಾಡಿದ ಹಾಗಾಯಿತು.

ಆ ಅಧ್ಯಾಯದಲ್ಲಿ ‘ಕಪಟಿ’ ಎಂದು ನಾವು ಓದುವ ಪದ ಗ್ರೀಕಿನಲ್ಲಿ ‘ಹುಪೊಕ್ರಿತೇಸ್’. ಅದು ಬೈಗುಳವಾಗಿ ಹುಟ್ಟಿದ್ದಲ್ಲ, ನಾಟಕದ ಪಾತ್ರಧಾರಿಗೆ ಹೇಳುತ್ತಿದ್ದ ಹೆಸರು, ನಮ್ಮಲ್ಲಿ ವೇಷಧಾರಿ ಎನ್ನುವ ಹಾಗೆ. ರಾತ್ರಿಯಿಡೀ ರಾಜನ ವೇಷದಲ್ಲಿ ಕುಣಿದವನು ಬೆಳಗ್ಗೆ ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಾನೆ, ಅವನಲ್ಲಿ ಕಪಟವೇನೂ ಇಲ್ಲ. ಬಣ್ಣ ತೊಳೆಯದೆ ಮನೆಯಲ್ಲೂ ರಾಜನಂತೆ ನಡೆದರೆ ತೊಂದರೆ.

ಅದೇ ಅಧ್ಯಾಯದ ಇನ್ನೊಂದು ಮಾತು ಕೋಲಾರದ ಮಂಡಿಯವರಿಗೆ ವಿವರಿಸಬೇಕಾಗಿಯೇ ಇಲ್ಲ. ಮೆರೆಯಲು ದಾನ ಮಾಡಿದವರು, ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸಿದವರು, ಮುಖ ಬಾಡಿಸಿಕೊಂಡು ಉಪವಾಸ ಮಾಡಿದವರು ‘ತಮ್ಮ ಪ್ರತಿಫಲ ಪಡೆದಾಗಿದೆ’ ಎಂದು ಯೇಸು ಮೂರು ಸಲ ಹೇಳುತ್ತಾರೆ. ಅಲ್ಲಿ ಬಳಸಿರುವ ಗ್ರೀಕ್ ಪದ ಆ ಕಾಲದ ರಸೀದಿಗಳ ಮೇಲೆ ಬರೆಯುತ್ತಿದ್ದ ಪದ, ‘ಹಣ ಪೂರ್ತಿ ಸಂದಿದೆ’ ಎಂಬ ಅರ್ಥದಲ್ಲಿ. ಮಂಡಿಯ ಭಾಷೆಯಲ್ಲಿ ಚುಕ್ತಾ. ಹರಾಜಾಯಿತು, ಪಟ್ಟಿ ಬರೆದಾಯಿತು, ದುಡ್ಡು ಎಣಿಸಿದ್ದಾಯಿತು. ಇನ್ನು ಆ ಟೊಮೇಟೊ ಮೇಲೆ ರೈತನಿಗೆ ಹಕ್ಕಿಲ್ಲ. ಹೊಗಳಿಕೆಗಾಗಿ ಮಾಡಿದ ಉಪವಾಸಕ್ಕೆ ಹೊಗಳಿಕೆ ಸಿಕ್ಕಿತು, ಲೆಕ್ಕ ಮುಗಿಯಿತು. ದೇವರು ಅದಕ್ಕೆ ಶಿಕ್ಷಿಸುತ್ತಾನೆ ಎಂದು ಕೂಡ ಇಲ್ಲಿ ಹೇಳಿಲ್ಲ. ಬಾಕಿ ಇಲ್ಲ, ಅಷ್ಟೇ. ನರಕದ ವರ್ಣನೆಗಿಂತ ಇದು ಹೆಚ್ಚು ತಣ್ಣಗೆ ಕೊರೆಯುತ್ತದೆ.

ಮಂಡಿಯ ಮಾತು ಬಂತಲ್ಲ, 15 ಕಿಲೋ ಬಾಕ್ಸಿನ ಮೇಲೆರಡು ಸಾಲು ಹೊಳೆಯುವ ಹಣ್ಣು ಜೋಡಿಸಿ ಕೆಳಗೆ ಒಡಕಲು ತುಂಬುವ ವಿದ್ಯೆಯೂ ಎಲ್ಲರಿಗೂ ಗೊತ್ತು. ಕೊಳ್ಳುವವನು ಬಾಕ್ಸನ್ನು ಬೋರಲು ಹಾಕುವುದಕ್ಕೂ ಅಲ್ಲಿ ಅಭ್ಯಾಸವಾಗಿದೆ. ತಪಸ್ಸುಕಾಲದ ಪಾಪನಿವೇದನೆ ಎಂದರೆ ಬೇರೆ ಯಾರೂ ಹಾಕುವ ಮುಂಚೆ ತನ್ನ ಬಾಕ್ಸನ್ನು ತಾನೇ ಬೋರಲು ಹಾಕುವುದು. ಅಲ್ಲಿಯೂ ಮೇಲಿನ ಎರಡು ಸಾಲು ಮಾತ್ರ ತೋರಿಸಿ ಬರುವವರಿದ್ದಾರೆ: ‘ಕೋಪ ಬಂತು ಫಾದರ್, ಪ್ರಾರ್ಥನೆ ತಪ್ಪಿತು ಫಾದರ್.’ ತಮ್ಮನ ಪಾಲಿನ ಗುಂಟೆ ಜಮೀನಿನ ಮಾತು ತಳದಲ್ಲೇ ಉಳಿಯುತ್ತದೆ.

ಈಗ ಉಪವಾಸ. ಕಥೋಲಿಕ ಸಭೆಯ ಕಟ್ಟಳೆ ನಿಜಕ್ಕೂ ಬಹಳ ಹಗುರ. ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಗೆ, 60ನೇ ವರ್ಷಕ್ಕೆ ಕಾಲಿಡುವವರೆಗೆ. ಒಂದು ಪೂರ್ತಿ ಊಟ, ಬೇಕಿದ್ದರೆ ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ. ಬೂದಿ ಬುಧವಾರ ಮತ್ತು ಶುಕ್ರವಾರಗಳಂದು ಮಾಂಸ ಬಿಡುವುದು 14 ತುಂಬಿದವರಿಗೆ. ಬೂದಿ ಬುಧವಾರದಿಂದ ಎಣಿಸಿದರೆ ತಪಸ್ಸುಕಾಲದಲ್ಲಿ ಸಿಗುವ ಶುಕ್ರವಾರಗಳು ಏಳು. ಕಾಯಿಲೆಯವರು, ಬಸುರಿಯರು, ಬಾಣಂತಿಯರು ಉಪವಾಸ ಮಾಡಬೇಕಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ‘ದೇವರು ನೋಡಿಕೊಳ್ಳುತ್ತಾನೆ’ ಎಂದು ಊಟ ಬಿಡುವುದು ಭಕ್ತಿ ಅಲ್ಲ, ಹಟ.

ಇಷ್ಟು ಹಗುರಾದ ಕಟ್ಟಳೆಯಲ್ಲೂ ಸಂದು ಹುಡುಕುತ್ತೇವೆ. ಶುಕ್ರವಾರ ಮಟನ್ ಇಲ್ಲ, ಸರಿ. ಬದಲಿಗೆ ಪನೀರ್ ಬಿರಿಯಾನಿ, ಮೀನು ಫ್ರೈ, ಮೇಲೊಂದು ಪಾಯಸ. ಅಕ್ಷರ ಪಾಲಿಸಿದ್ದೇವೆ, ಹಸಿವು ಮಾತ್ರ ಹತ್ತಿರ ಸುಳಿದಿಲ್ಲ. ಮುದ್ದೆ, ಹುರುಳಿ ಬಸ್ಸಾರು, ಒಂದು ಹಸಿ ಈರುಳ್ಳಿ: ಈ ಸೀಮೆಯ ಮನೆಗಳಲ್ಲಿ ಅದಕ್ಕಿಂತ ಸರಳವಾದ ಪೂರ್ತಿ ಊಟ ಬೇಕೇ? ಅದರಲ್ಲಿ ಉಳಿದ ದುಡ್ಡು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಇನ್ನೂ ಮುಖ್ಯ. ಬಿಟ್ಟ ಊಟದ ಬೆಲೆ ಬೇರೊಬ್ಬರ ತಟ್ಟೆಗೆ ಹೋಗದೆ ಪಾಸ್ಕದ ಸೀರೆಗೆ ಸೇರಿಕೊಂಡರೆ ಅದು ಉಳಿತಾಯ ಯೋಜನೆ. ಕನ್ನಡದಲ್ಲಿ ಇದಕ್ಕೆ ಉದರ ವೈರಾಗ್ಯ ಎಂಬ ಮಾತು ಮೊದಲೇ ಇದೆ.

ಗುಟ್ಟಾಗಿ ಉಪವಾಸ ಇರುವುದು ಹೇಳಿದಷ್ಟು ಸುಲಭವಲ್ಲ, ಅದಕ್ಕೆ ಅಭ್ಯಾಸ ಬೇಕು. ಕೆ.ಜಿ.ಎಫ್.ನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಮಾರಿಕುಪ್ಪಂ ರೈಲನ್ನು ನೆನೆಯಿರಿ. ದಿನವೂ ಒಟ್ಟಿಗೆ ಕೂರುವವರು ಬಂಗಾರಪೇಟೆ ದಾಟುತ್ತಲೇ ಡಬ್ಬಿ ಬಿಚ್ಚುತ್ತಾರೆ, ಎರಡು ಇಡ್ಲಿ ನಿಮ್ಮ ಕಡೆಗೂ ಬರುತ್ತದೆ. ‘ಇವತ್ತು ನಮಗೆ ಉಪವಾಸ’ ಎಂದು ಮುಖ ಇಳಿಬಿಟ್ಟು ಹೇಳಿದರೆ ಚುಕ್ತಾ. ‘ಮನೆಯಲ್ಲೇ ತಿಂದು ಬಂದೆ’ ಎಂದರೆ ಸುಳ್ಳು. ಉಪವಾಸ ಮುಚ್ಚಿಡಲು ಸುಳ್ಳು ಹೇಳು ಎಂದು ಯಾರೂ ಹೇಳಿಲ್ಲ. ಒಂದು ಇಡ್ಲಿ ತೆಗೆದುಕೊಂಡು ತಿಂದು, ಅದನ್ನೇ ಬೆಳಗಿನ ‘ಸ್ವಲ್ಪ’ ಎಂದು ಲೆಕ್ಕ ಹಾಕಿಕೊಳ್ಳುವುದು ಎಲ್ಲಕ್ಕಿಂತ ನೇರ, ಕಟ್ಟಳೆಯೂ ಮುರಿಯುವುದಿಲ್ಲ. ಹಳೆಯ ಕಾಲದಲ್ಲಿ ಈಜಿಪ್ಟಿನ ಮರುಭೂಮಿಯ ತಪಸ್ವಿಗಳು ಅತಿಥಿ ಬಂದರೆ ತಮ್ಮ ಉಪವಾಸ ಮುರಿದು ಜೊತೆಗೆ ಊಟಕ್ಕೆ ಕೂರುತ್ತಿದ್ದರು. ಉಪವಾಸ ಯಾವಾಗಲೂ ನನ್ನ ಕೈಯಲ್ಲಿದೆ, ಅತಿಥಿಯನ್ನು ಯಾವಾಗಲೂ ಇಟ್ಟುಕೊಳ್ಳಲು ಆಗುವುದಿಲ್ಲ ಎನ್ನುವುದು ಅವರ ವಾದ. ವಾಟ್ಸಾಪ್ ಸ್ಟೇಟಸ್‌ನಲ್ಲಿ ‘ತಪಸ್ಸುಕಾಲ, 12ನೇ ದಿನ’ ಎಂದು ಹಾಕುವವರ ಬಗ್ಗೆ ಅವರು ಏನೆನ್ನುತ್ತಿದ್ದರೋ.

ಪ್ರಾರ್ಥನೆಗೆ ‘ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ’ ಎಂದಿದೆ. ಅಲ್ಲಿಯ ಗ್ರೀಕ್ ಪದಕ್ಕೆ ಉಗ್ರಾಣ ಎಂಬ ಅರ್ಥ. ನಮ್ಮ ಹಳ್ಳಿಮನೆಗಳಲ್ಲಿ ರಾಗಿಮೂಟೆ, ಹುಣಿಸೆಹಣ್ಣಿನ ಮಡಕೆ ಇಡುವ ಕಿಟಕಿಯಿಲ್ಲದ ಕೋಣೆ ಇರುತ್ತದಲ್ಲ, ಅಂಥದ್ದು. ದೇವರಮನೆಯ ಮಾತಲ್ಲ. ನೆಂಟರು ಬಂದರೆ ಯಾರೂ ತೋರಿಸದ ಕೋಣೆ ಅದು.

ದಾನದ ಮಾತಿಗೆ ಬಂದರೆ ನಮ್ಮ ಚರ್ಚುಗಳ ಟ್ಯೂಬ್‌ಲೈಟನ್ನೇ ನೋಡಬೇಕು. ಬೆಳಕು ಬರುವ ಗಾಜಿನ ಮೇಲೆಯೇ ಕೆಂಪು ಪೇಂಟಿನಲ್ಲಿ ದಾನಿಯ ಹೆಸರು, ಮನೆತನ, ಯಾರ ನೆನಪಿಗಾಗಿ ಎಂಬ ವಿವರ. ಹೆಸರು ದೊಡ್ಡದಾದಷ್ಟು ಬೆಳಕು ಮಂಕು. ಇದರಲ್ಲಿ ಕಥೋಲಿಕರು, ಸಿ.ಎಸ್.ಐ., ಮೆಥೊಡಿಸ್ಟ್ ಎಂಬ ಭೇದವಿಲ್ಲ. ಗುಡಿಗಳಲ್ಲೂ ಇದೇ ದೀಪ ಉರಿಯುತ್ತದೆ. ಜೆರುಸಲೇಮಿನ ದೇವಾಲಯದಲ್ಲಿ ಕಾಣಿಕೆಗೆ ಕಹಳೆಯ ಬಾಯಿಯಂಥ 13 ಪೆಟ್ಟಿಗೆಗಳಿದ್ದವು. ಶುಭಸಂದೇಶದ ಕಥೆಯಲ್ಲಿ ಆ ಕಾಣಿಕೆಗೆ ಬಡ ವಿಧವೆಯೊಬ್ಬಳು ಹಾಕಿದ ಎರಡು ತಾಮ್ರದ ಕಾಸು ಒಂದು ದಿನದ ಕೂಲಿಯ 64ನೇ ಒಂದು ಪಾಲು. ಅವಳ ಹತ್ತಿರ ಎರಡು ಕಾಸು ಇದ್ದವು ಎಂಬುದನ್ನು ಮರೆಯಬಾರದು. ಒಂದನ್ನು ಇಟ್ಟುಕೊಂಡು ಒಂದನ್ನು ಹಾಕಿದ್ದರೂ ಅರ್ಧ ಆಸ್ತಿ ಕೊಟ್ಟ ಹಾಗಾಗುತ್ತಿತ್ತು.

ದಾನಕ್ಕಿಂತ ಮೊದಲು ಬಾಕಿ. ಬೂದಿ ಬುಧವಾರವಾದ ಎರಡನೇ ದಿನ, ಶುಕ್ರವಾರ, ಯೆಶಾಯನ 58ನೇ ಅಧ್ಯಾಯ ಓದುತ್ತಾರೆ: ಉಪವಾಸದ ದಿನವೇ ನಿಮ್ಮ ಕೆಲಸದಾಳುಗಳನ್ನು ಹಿಂಡುತ್ತೀರಿ ಎಂಬ ದೂರು ಅದರಲ್ಲಿದೆ. ಯಾಜಕಕಾಂಡದ ಪ್ರಕಾರ ಕೂಲಿಯವನ ಹಣ ರಾತ್ರಿ ಕಳೆದು ಬೆಳಗಿನವರೆಗೆ ನಿಮ್ಮಲ್ಲಿ ಉಳಿಯಬಾರದು. ಟೊಮೇಟೊ ಬಿಡಿಸಿದ ಹೆಂಗಸರಿಗೆ ‘ರೇಟು ಬಿದ್ದುಹೋಯಿತು, ಮುಂದಿನ ವಾರ ನೋಡೋಣ’ ಎಂದು ಕಳಿಸಿ ಸಂಜೆ ಶಿಲುಬೆ ಹಾದಿಯ 14 ಸ್ಥಳಗಳಲ್ಲೂ ಮಂಡಿಯೂರಿದರೆ ಮಂಡಿ ನೋಯುತ್ತದೆ, ಬಾಕಿ ತೀರುವುದಿಲ್ಲ. ಮೋಸದಿಂದ ಪಡೆದದ್ದನ್ನು ತಾನೇ ಒಪ್ಪಿಕೊಂಡರೆ ಅಸಲು ಮತ್ತು ಐದನೇ ಒಂದು ಪಾಲು ಸೇರಿಸಿ ಹಿಂತಿರುಗಿಸಬೇಕು ಎಂದು ಹಳೆಯ ಕಾನೂನು. ಸುಂಕದವರ ಮುಖಂಡ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಎಂದ, ಆಸ್ತಿಯ ಅರ್ಧ ಬಡವರಿಗೆ ಬೇರೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎನ್ನುತ್ತೇವೆ. ಲೂಕನ 18ನೇ ಅಧ್ಯಾಯದಲ್ಲಿ ಸುಂಕದವನೇ ಬಂದು ದುಃಖ ಹೇಳಿಕೊಳ್ಳುತ್ತಾನೆ, ದೂರ ನಿಂತು, ತಲೆ ಎತ್ತದೆ, ಎದೆ ಬಡಿದುಕೊಂಡು. ಮುಂದೆ ನಿಂತ ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು, ಸುಳ್ಳು ಹೇಳುತ್ತಿರಲಿಲ್ಲ. ಧರ್ಮಶಾಸ್ತ್ರ ಕಡ್ಡಾಯ ಮಾಡಿದ್ದು ವರ್ಷಕ್ಕೆ ಒಂದೇ ಉಪವಾಸ, ಅವನು ವಾರಕ್ಕೆ ಎರಡು ಮಾಡುತ್ತಿದ್ದ, ಸೋಮವಾರ ಮತ್ತು ಗುರುವಾರ. ಗಳಿಕೆಯಲ್ಲೆಲ್ಲ ಹತ್ತರಲ್ಲೊಂದು ಕೊಡುತ್ತಿದ್ದ. ಇಂಥವನು ಯಾವ ಪಾಲನಾ ಸಮಿತಿಗಾದರೂ ಅವಿರೋಧ ಆಯ್ಕೆಯಾಗುವ ಮನುಷ್ಯ. ಕೆಟ್ಟದ್ದು ‘ಈ ಸುಂಕದವನ ಹಾಗಲ್ಲ’ ಎಂಬ ಒಂದೇ ಮಾತಿನಲ್ಲಿ. ಎಲ್ಲ ಫರಿಸಾಯರೂ ಹೀಗಿರಲಿಲ್ಲ. ನಿಕೊದೇಮ ಫರಿಸಾಯ, ಪೌಲನ ಗುರು ಗಮಲಿಯೇಲನೂ ಫರಿಸಾಯ. ಯೆಹೂದಿ ಗುರುಗಳೇ ಫರಿಸಾಯರಲ್ಲಿ ಏಳು ಬಗೆ ಎಣಿಸಿ, ಅವರಲ್ಲಿ ತೋರಿಕೆಯವರನ್ನು ಗೇಲಿ ಮಾಡಿದ್ದಾರೆ. ಉಪದೇಶ ಕೇಳುತ್ತಾ ‘ಇದು ನಮ್ಮ ಬೀದಿಯ ಇಂಥವರಿಗೇ ಹೇಳಿದ್ದು’ ಎಂದುಕೊಳ್ಳುವಾಗ ಆ ಒಂದೇ ಮಾತು ನಮ್ಮ ಬಾಯಲ್ಲೂ ಬಂದಿರುತ್ತದೆ.

ಮೊದಲ ಕ್ರೈಸ್ತರು ಕೂಡ ಜಾರಿದ್ದಾರೆ. ಅವರ ಒಂದು ಬಹಳ ಹಳೆಯ ಕೈಪಿಡಿ, ಕಪಟಿಗಳು ಸೋಮವಾರ ಗುರುವಾರ ಉಪವಾಸ ಮಾಡುತ್ತಾರೆ, ನೀವು ಬುಧವಾರ ಶುಕ್ರವಾರ ಮಾಡಿ ಎನ್ನುತ್ತದೆ. ವಾರ ಬದಲಾಯಿಸಿದರೆ ಕಪಟ ಹೋದೀತೆ? ಇದಕ್ಕಿಂತ ಜಾಣ ಮದ್ದು ಪೂರ್ವದ ಆರ್ಥೊಡಾಕ್ಸ್ ಸಭೆಯವರದು. ತಪಸ್ಸುಕಾಲಕ್ಕೆ ಮೂರು ವಾರ ಮುಂಚಿನ ಭಾನುವಾರ ಅವರು ಫರಿಸಾಯ ಮತ್ತು ಸುಂಕದವನ ಈ ಸಾಮತಿ (ನೀತಿಕಥೆ) ಓದುತ್ತಾರೆ. ಅದರ ಬೆನ್ನಿಗೆ ಬರುವ ಇಡೀ ವಾರ ಉಪವಾಸವೇ ಇಲ್ಲ. ಬೇರೆ ವಾರಗಳಲ್ಲಿ ತಪ್ಪದ ಬುಧವಾರ, ಶುಕ್ರವಾರಗಳಿಗೂ ಆಗ ರಜೆ. ಉಪವಾಸದ ಜಂಬದಲ್ಲಿ ಫರಿಸಾಯನಾಗಬೇಡ ಎಂದು ಉಪವಾಸ ಮಾಡುವವನಿಗೆ ತಿನ್ನಿಸಿ ಕಲಿಸುವುದು.

ಕಥೋಲಿಕ ಪಂಚಾಂಗದಲ್ಲಿ ಈ ಸಾಮತಿ ಬರುವುದು ತಪಸ್ಸುಕಾಲದ ಮೂರನೇ ವಾರದ ಶನಿವಾರ. ವಾರದ ದಿನದ ಬೆಳಗಿನ ಪೂಜೆ, ಹೆಚ್ಚು ಜನ ಇರುವುದಿಲ್ಲ. ಮುಂದಿನ ಬೆಂಚುಗಳು ಖಾಲಿ, ಬಂದವರೆಲ್ಲ ಬಾಗಿಲ ಬಳಿ, ಚಪ್ಪಲಿ ಬಿಟ್ಟ ಜಾಗದ ಹತ್ತಿರದ ಕೊನೆಯ ಬೆಂಚಿನಲ್ಲೇ ಒತ್ತಿಕೊಂಡು ಕೂತಿರುತ್ತಾರೆ. ಸುಂಕದವನ ಹಾಗೆ ದೂರ ನಿಲ್ಲಲೋ, ಪೂಜೆ ಮುಗಿದ ಕೂಡಲೇ ಮಂಡಿಗೆ ಓಡಲೋ, ನೋಡಿದವರಿಗೆ ತಿಳಿಯುವುದಿಲ್ಲ.