ಚಿಪ್ಪು ಒಡೆದಿರಲೇ ಇಲ್ಲ

ಬಸವನಗುಡಿಯ ಒಂದು ಸಣ್ಣ ಸ್ಟುಡಿಯೊದಲ್ಲಿ ನಾನು ವಿಡಿಯೊ ಎಡಿಟರ್. ಮದುವೆ, ನಾಮಕರಣ, ಜಾಹೀರಾತು ಇವೇ ಜಾಸ್ತಿ. ಹೋದ ವರ್ಷ ಮದ್ದೂರು ಕಡೆಯ ಭತ್ತದ ಗದ್ದೆಗಳಿಗೆ ಬರುವ ಹಕ್ಕಿಗಳ ಬಗ್ಗೆ ಎಂಟು ನಿಮಿಷದ ವಿಡಿಯೊ ಕೈಗೆ ಬಂತು. ನಿರೂಪಣೆಯ ಸಾಲುಗಳನ್ನೂ ನಾನೇ ಬರೆದೆ.

ಬಾಯ್ಕಳಕ ಅಂತ ಒಂದು ಕೊಕ್ಕರೆ. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಥೇಟ್ ಅಡಕತ್ತರಿ ಅಲ್ವಾ? 'ಬಸವನಹುಳುವನ್ನು ಈ ಸಂದಿನಲ್ಲಿಟ್ಟು ಒಡೆದು ತಿನ್ನುತ್ತದೆ' ಎಂದು ಸುಮ್ನೆ ಬರೆದುಬಿಟ್ಟೆ. ಸಾಲದ್ದಕ್ಕೆ ಕಡಲೆಕಾಯಿ ಒಡೆದು 'ಟಪ್' ಅನ್ನುವ ಸದ್ದನ್ನೂ ರೆಕಾರ್ಡ್ ಮಾಡಿ ಸೇರಿಸಿದೆ. ಬಸವನಗುಡಿಯಲ್ಲಿ ಕಡಲೆಕಾಯಿಗೇನು ಬರ!

ನಮ್ಮ ಕ್ಯಾಮೆರಾ ಅಣ್ಣ ಆ ಕಡೆಯವರೇ. ವಿಡಿಯೊ ನೋಡಿ ಏನೂ ಹೇಳಲಿಲ್ಲ. ಊರಿಗೆ ಹೋಗಿ ಬಂದ ಸೋಮವಾರ ನನ್ನ ಕೀಬೋರ್ಡ್ ಪಕ್ಕ ನಿಂಬೆಹಣ್ಣಿನಷ್ಟು ದಪ್ಪದ ಒಂದು ಚಿಪ್ಪು ಇಟ್ಟರು. "ಆ ಹಕ್ಕಿ ತಿಂದು ಬಿಟ್ಟಿದ್ದು. ಬಿರುಕು ಎಲ್ಲಿದೆ ತೋರಿಸಪ್ಪಾ."

ತಿರುಗಿಸಿ ತಿರುಗಿಸಿ ನೋಡಿದೆ. ಅಂಚಿನಲ್ಲಿ ಒಣಗಿದ ಕೆಸರು. ಒಳಗೆ ಖಾಲಿ. ಬಿರುಕೇ ಇಲ್ಲ.

ಮತ್ತೆ ಫೂಟೇಜ್ ಹಾಕಿಕೊಂಡು ಕೂತೆ. ಹಕ್ಕಿಯ ಕೆಲಸವೆಲ್ಲ ಹೆಚ್ಚಾಗಿ ನೀರಿನೊಳಗೇ ನಡೆಯುತ್ತದೆ, ಅದಕ್ಕೇ ನನಗೆ ಕಂಡಿರಲಿಲ್ಲ. ಕೆಳಗೊಕ್ಕಿನ ಚೂಪು ತುದಿಯನ್ನು ಹುಳುವಿನ ಮುಚ್ಚಳದ ಪಕ್ಕದಿಂದ ತೂರಿಸಿ, ಮಾಂಸವನ್ನು ಚಿಪ್ಪಿಗೆ ಹಿಡಿದಿಟ್ಟ ಸ್ನಾಯುವನ್ನು ಕತ್ತರಿಸುತ್ತದೆ. ಆಮೇಲೆ ಮಾಂಸವನ್ನಷ್ಟೇ ಎಳೆದುಕೊಳ್ಳುತ್ತದೆ. ಇನ್ನೊಂದು ಮಜಾ, ಮರಿಗಳ ಕೊಕ್ಕಿನಲ್ಲಿ ಆ ಸಂದೇ ಇರುವುದಿಲ್ಲ, ಬೆಳೆದ ಮೇಲೆ ಬರುತ್ತದೆ.

ನಾನು ಕತ್ತರಿಸಿ ಎಸೆದ ಬೇರೆ ಶಾಟ್‌ಗಳನ್ನೂ ತೆಗೆದು ನೋಡಿದೆ. ಟ್ರ್ಯಾಕ್ಟರ್ ಹಿಂದೆ ಓಡುವ ಗೋವಕ್ಕಿಗಳನ್ನು ಇಟ್ಟುಕೊಂಡಿದ್ದೆ, ಅದರಲ್ಲಿ ಓಟ ಇತ್ತಲ್ಲ! ಚಿಕ್ಕ ಬೆಳ್ಳಕ್ಕಿ ಹಳದಿ ಪಾದ ನಡುಗಿಸುವುದನ್ನು ಕಾಲು ಜಾರಿದೆ ಅಂದುಕೊಂಡು ತೆಗೆದಿದ್ದೆ. ಅದು ಕೆಸರು ಕದಡಿ ಮೀನು, ಹುಳು ಎಬ್ಬಿಸುತ್ತಿತ್ತು. ಬಿಳಿ ಕೆಂಬರಲು ಬಾಗಿದ ಕೊಕ್ಕನ್ನು ಕೆಸರಿಗೆ ಚುಚ್ಚಿ, ಕಣ್ಣಿಗೆ ಕಾಣದ್ದನ್ನು ಮುಟ್ಟಿಯೇ ಹುಡುಕುವುದೂ ಕಸದ ಫೋಲ್ಡರಿನಲ್ಲಿತ್ತು. ಕೊಳದ ಬಕವಂತೂ ಬದುವಿನ ಪಕ್ಕ ಕಲ್ಲಿನಂತೆ ನಿಂತಿತ್ತು. 'ಏನೂ ಆಗುತ್ತಿಲ್ಲ' ಎಂದು ಗುರುತು ಹಾಕಿದ್ದೆ. ಅದರ ಬೇಟೆಯೇ ಆ ನಿಲುವು.

ಕಡಲೆಕಾಯಿ ಸದ್ದು ತೆಗೆದೆ. ಆ ಸಾಲನ್ನು ಮತ್ತೆ ಬರೆದು ದನಿ ಕೊಡಿಸಿದೆ. ಬಕದ ಶಾಟನ್ನು ಇಪ್ಪತ್ತೆರಡು ಸೆಕೆಂಡ್ ಹಾಗೇ ಬಿಟ್ಟೆ. ಮಾರನೇ ದಿನ ಕ್ಲೈಂಟ್ ಫೋನ್ ಮಾಡಿದರು: "ಸರ್, ನಾಲ್ಕನೇ ನಿಮಿಷದಲ್ಲಿ ವಿಡಿಯೊ ಹ್ಯಾಂಗ್ ಆಗ್ತಿದೆ."